ಕೆರೆಯ ಮೇಲಿನ ಹಸುರು

ಹಸುರು ಕಣ್ಣಿಗೆ ತಂಪು ಎಂದು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಹಸುರನ್ನು ಕಂಡು ಅಂಜುವವರೂ ಉಂಟೆಂಬುದು ನನಗೆ ತಿಳಿದದ್ದು ಈಚೆಗೆ. ಸಿಂಧನೂರಿನಿಂದ ಮಸ್ಕಿಯ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಂದು ಹರದಾರಿ ಒಳಗೆ ಹೋದರೆ ಸಿಗುವ ಒಂದು ಕೆರೆಯ ಏರಿಯ ಮೇಲೆ.

ಮಾಘಮಾಸದ ಒಂದು ಭಾನುವಾರ ಬೆಳಗ್ಗೆ ಅಲ್ಲಿ ನಿಂತಿದ್ದೆ. ನೀರಿನ ಮುಕ್ಕಾಲು ಪಾಲನ್ನು ಅಂತರಗಂಗೆ ಮುಚ್ಚಿತ್ತು. ಉಬ್ಬಿದ ತೊಟ್ಟುಗಳ ಮೇಲೆ ದುಂಡನೆಯ ಎಲೆ, ಎಲೆಗಳ ನಡುವೆ ತಿಳಿನೇರಳೆಯ ಹೂಗೊಂಚಲು. ಎರೆಹೊಲಗಳ ಕಪ್ಪನ್ನೇ ನೋಡಿ ಬಂದ ಕಣ್ಣಿಗೆ ಅದು ಯಾರೋ ಹಾಸಿಟ್ಟ ಜಮಖಾನದಂತೆ ಕಂಡಿತು. ‘ಎಷ್ಟು ಚೆಲುವಾಗಿದೆ’ ಎಂಬ ಮಾತು ಬಾಯಿಂದ ಬಂದೇಬಿಟ್ಟಿತು. ಪಕ್ಕದಲ್ಲಿ ಕೊಡ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ನನ್ನ ಕಡೆ ತಿರುಗಿ, “ನೋಡಾಕ ಚೆಂದ ಐತ್ರಿ ಸರ, ಕುಡಿಯಾವ್ರು ನಾವು” ಎಂದಳು. ನಾನು ಮರುಮಾತಾಡಲಿಲ್ಲ.

ಆ ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದೊಂದೇ ಊರಿನ ಕಷ್ಟವೆಂದು ಓದುಗರು ಎಣಿಸಬಹುದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ತಾಲ್ಲೂಕುಗಳಲ್ಲಿ ನಾಲೆಯ ನೀರನ್ನು ತುಂಬಿಕೊಂಡು ಕುಡಿಯುವ ಊರುಗಳು ಹಲವಾರು ಇವೆ. ಅವುಗಳಲ್ಲಿ ಇದೂ ಒಂದು.

ನಾನು ಅಲ್ಲಿಗೆ ಹೋದದ್ದು ನಮ್ಮ ಬಿ.ಎ. ತರಗತಿಯ ಹುಡುಗಿಯೊಬ್ಬಳ ಕರೆಯ ಮೇಲೆ. ಆಕೆ ಬಹಳ ಚುರುಕು. ಹಳಗನ್ನಡದ ಪದ್ಯವನ್ನು ಎರಡು ಸಲ ಕೇಳಿದರೆ ತಾನೇ ಅನ್ವಯಿಸಬಲ್ಲಳು. ಆದರೆ ತರಗತಿಯೆಲ್ಲ ನಕ್ಕಾಗ ಆಕೆ ಮಾತ್ರ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವಳು. ಹಳ್ಳಿಯ ಸಂಕೋಚವೆಂದು ತಿಳಿದಿದ್ದೆ. ಅದು ಸಂಕೋಚವಾಗಿರಲಿಲ್ಲ. ಆಕೆಯ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಪಟ್ಟೆಗಳಿದ್ದುವು. ಎಳೆತನದಲ್ಲಿ ಕುಡಿದ ಕೊಳವೆಬಾವಿಯ ನೀರು ಬಿಟ್ಟುಹೋದ ಗುರುತು ಅದು. ಲೀಟರ್ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಮನ್ನು ಮೀರಬಾರದೆಂದು ಶಾಸ್ತ್ರ ಹೇಳುತ್ತದೆ. ರಾಯಚೂರು ಜಿಲ್ಲೆಯ ಎಷ್ಟೋ ಊರುಗಳ ನೆಲದಡಿಯ ನೀರು ಆ ಮಿತಿಯನ್ನು ಮೀರಿದೆ. ಹಲ್ಲು ಮೂಡುವ ವಯಸ್ಸಿನಲ್ಲಿ ಬಿದ್ದ ಈ ಕಲೆ ಯಾವ ಹಲ್ಲುಪುಡಿಗೂ ಹೋಗುವುದಿಲ್ಲ; ಹಲವು ವರ್ಷ ಕುಡಿದರೆ ಎಲುಬಿಗೂ ಇಳಿಯುತ್ತದೆ.

ಅವಳ ಮನೆಯಲ್ಲಿ ಅವಳ ತಮ್ಮನನ್ನು ನೋಡಿದೆ. ಹನ್ನೊಂದು ವರ್ಷದ ಹುಡುಗ. ಅವನ ಹಲ್ಲು ಬೆಳ್ಳಗಿವೆ. ಅವನು ಹುಟ್ಟುವ ಹೊತ್ತಿಗೆ ಊರಿಗೆ ಕೆರೆಯ ನೀರಿನ ನಳ ಬಂದಿತ್ತು. ಒಂದೇ ಮನೆ, ಒಂದೇ ಒಲೆ. ಅಕ್ಕ ಕುಡಿದು ಬೆಳೆದದ್ದು ಕೊಳವೆಬಾವಿ, ತಮ್ಮ ಕುಡಿದು ಬೆಳೆದದ್ದು ಕೆರೆ. ಕೆರೆಯ ಮಹಿಮೆಯನ್ನು ಕುರಿತು ನಾನು ಓದಿದ ಶಾಸನಗಳಾವುವೂ ಇಷ್ಟು ಸ್ಪಷ್ಟವಾಗಿ ಮಾತಾಡಿದ್ದಿಲ್ಲ. ಈಗ ಆ ಕೆರೆಯ ನೀರಿಗೇ ಊರವರು ಹೆದರುತ್ತಿದ್ದಾರೆ. ಹಳೆಯ ನೀರಿಗೆ ಮರಳುವಂತಿಲ್ಲ, ಹೊಸ ನೀರನ್ನು ನಂಬುವಂತಿಲ್ಲ.

ಹೊರಗಿನ ಓದುಗರಿಗಾಗಿ ಈ ಸೀಮೆಯ ವಿಷಯ ನಾಲ್ಕು ಮಾತು ಹೇಳಬೇಕು. ಬಡಗಣ ದಿಕ್ಕಿಗೆ ಕೃಷ್ಣೆ, ತೆಂಕಣ ದಿಕ್ಕಿಗೆ ತುಂಗಭದ್ರೆ; ನಡುವೆ ನಮ್ಮ ನಾಡು. ಎರಡು ತೊರೆಗಳ ಎಡೆಯ ನಾಡಾದ್ದರಿಂದ ಶಾಸನಗಳು ಇದನ್ನು ಎಡೆದೊರೆ ನಾಡೆಂದು ಕರೆದುವು. ಎರಡು ಹೊಳೆಗಳ ನಡುವಿದ್ದೂ ಇದು ಬಾಯಾರಿದ ನಾಡು. ಮಳೆ ಕಡಮೆ, ಬಾವಿ ತೋಡಿದರೆ ಸವುಳು. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಯ ನೀರು ಅಣೆಕಟ್ಟಿನ ಹಿಂದೆ ನಿಂತಿತು. 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆ ಗಂಗಾವತಿಯನ್ನು ದಾಟಿ ಸಿಂಧನೂರಿಗೆ ಬಂದು ರಾಯಚೂರಿನ ಕಡೆಗೆ ಹರಿಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಲಿಂಗಸುಗೂರಿನ ಭಾಗಕ್ಕೆ ಮುಂದೆ ಕೃಷ್ಣೆಯಿಂದ ನಾರಾಯಣಪುರದ ಬಲದಂಡೆ ನಾಲೆ ಬಂದಿತು. ಆದರೆ ನಾಲೆ ವರ್ಷವೆಲ್ಲ ಹರಿಯುವುದಿಲ್ಲ. ಮುಂಗಾರಿನಲ್ಲಿ ಬಿಟ್ಟ ನೀರನ್ನು ಬೇಸಿಗೆಗೆ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದಿನ ಮಳೆಯವರೆಗೆ ಊರಿನ ಉಸಿರೆಲ್ಲ ನಾಲೆ ಹರಿಯುವಾಗ ತುಂಬಿಕೊಂಡ ಕೆರೆಯಲ್ಲಿ. ಆ ಆಸರೆಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಜಲಾಶಯದಲ್ಲಿ ಮೊದಲು 132 ಟಿ.ಎಂ.ಸಿ. ಅಡಿಗೂ ಮೇಲೆ ಹಿಡಿಯುತ್ತಿದ್ದ ನೀರು ಹೂಳಿನಿಂದ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ನಮ್ಮ ಕಡೆಯ ಊರುಗಳಲ್ಲಿ ಯಾರೂ ನೆಮ್ಮದಿಯಿಂದ ಮಲಗಲಿಲ್ಲ. ಹೀಗಿರುವಲ್ಲಿ ಕೆರೆಗೆ ಬಂದು ಸೇರಿದ ನೀರು ಕೆಡುವುದೆಂದರೆ ಮನೆಗೆ ಬಂದ ಧಾನ್ಯಕ್ಕೆ ಹುಳು ಬಿದ್ದಂತೆ.

ಊರವರ ದೂರುಗಳು ಸರಳವಾದುವು. ಶಿವರಾತ್ರಿ ಕಳೆಯುತ್ತಲೇ ನಳದ ನೀರಿಗೆ ನಾತ ಬರುತ್ತದೆ. ಕೊಡದ ಒಳಮೈಗೆ ಹಸುರು ಲೋಳೆ ಕಟ್ಟುತ್ತದೆ. ಅಂತರಗಂಗೆಯ ಅಡಿಯಲ್ಲಿ ಸೊಳ್ಳೆ ಮರಿಮಾಡಿ ಸಂಜೆಯಾದರೆ ಕೂರಗೊಡುವುದಿಲ್ಲ. ಮೀನು ಹಿಡಿಯುವವರ ಬಲೆಗೆ ಮೀನಿಗಿಂತ ಬೇರು ಹೆಚ್ಚು ಬೀಳುತ್ತದೆ. ಅಂಚಿನಲ್ಲಿ ಆಳೆತ್ತರದ ಆಪು ಬೆಳೆದು, ದನ ನೀರಿಗಿಳಿಯುವ ದಾರಿಯೂ ಮುಚ್ಚಿಹೋಗಿದೆ. ‘ಕಾಸಿ ಕುಡಿಯಿರಿ’ ಎಂದು ಬಂದವರೆಲ್ಲ ಹೇಳಿಹೋಗುತ್ತಾರೆ. ಕಾಸುವುದು ಒಳ್ಳೆಯದೇ, ವಾಂತಿಭೇದಿಯ ಕ್ರಿಮಿಗಳು ಅದರಿಂದ ಸಾಯುತ್ತವೆ. ಆದರೆ ನಿಂತ ನೀರನ್ನು ಹಸುರುಗಟ್ಟಿಸುವ ಸೂಕ್ಷ್ಮಜೀವಿಗಳಲ್ಲಿ ಕೆಲವು ಜಾತಿಯವು ಯಕೃತ್ತಿಗೆ ಕೇಡು ಮಾಡುವ ವಿಷವನ್ನು ಹುಟ್ಟಿಸುತ್ತವೆ. ಆ ವಿಷ ಕುದಿಸಿದರೂ ಅಳಿಯುವುದಿಲ್ಲ. ಈ ಸಂಗತಿಯನ್ನು ನಮ್ಮ ರಸಾಯನಶಾಸ್ತ್ರದ ಅಧ್ಯಾಪಕರು ನನಗೆ ಹೇಳಿದಾಗ, ನಾನೂ ಆ ಊರಿನಲ್ಲಿ ಹಿಂದಿನ ವಾರವಷ್ಟೆ ‘ಕಾಸಿ ಕುಡಿಯಿರಿ’ ಎಂದು ಉಪದೇಶ ಮಾಡಿ ಬಂದದ್ದು ನೆನಪಾಯಿತು.

ಇಷ್ಟು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಆ ಫಾಲ್ಗುಣದಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವನ್ನು ಆ ಊರಿನಲ್ಲಿಯೇ ನಡೆಸಿದೆವು. ಹುಡುಗರು ಏಳು ದಿನ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅಂತರಗಂಗೆಯನ್ನು ಎಳೆದರು. ಎಳೆದುದನ್ನು ಏರಿಯ ಒಳಮೈಗೆ ರಾಶಿ ಹಾಕಿದರು. ಕಡೆಯ ದಿನ ನೀರಿನಲ್ಲಿ ಆಕಾಶ ಕಂಡಿತು. ಭಾವಚಿತ್ರ ತೆಗೆಸಿಕೊಂಡೆವು. ಸಮಾರೋಪದಲ್ಲಿ ನಾನು ಭಗೀರಥನಿಂದ ಆರಂಭಿಸಿ ಸುಮಾರು ಮುಕ್ಕಾಲು ಗಂಟೆ ಮಾತಾಡಿದೆ; ಜನ ಚಪ್ಪಾಳೆ ತಟ್ಟಿದರು. ಆಷಾಢದಲ್ಲಿ ಮಳೆಯಾಯಿತು, ನಾಲೆಗೆ ನೀರು ಬಂದಿತು, ಕೆರೆ ಏರಿತು. ಏರಿದ ನೀರು ನಾವು ಒಳಮೈಗೆ ಹಾಕಿದ್ದ ರಾಶಿಯಲ್ಲಿ ಜೀವವುಳಿಸಿಕೊಂಡಿದ್ದುದನ್ನೆಲ್ಲ ಎತ್ತಿ ಮತ್ತೆ ತೇಲಿಸಿತು. ನವರಾತ್ರಿಯ ಹೊತ್ತಿಗೆ ಹೋಗಿ ನೋಡಿದರೆ ಅರ್ಧ ಕೆರೆ ಮತ್ತೆ ಹಸುರು.

ಏರಿಯ ಮೇಲೆ ನನಗಾಗಿ ಕಾದು ಕುಳಿತವನಂತೆ ಒಬ್ಬ ಅಜ್ಜ ಇದ್ದ. ಮೂವತ್ತು ವರ್ಷ ನಾಲೆಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದವನು. ನಗದೆ, ಹಂಗಿಸದೆ ಹೇಳಿದ: “ಕಸ ತಗದ್ರಿ, ಚೊಲೊ ಆತ್ರಿ ಸರ. ಕಸದ ಬಾಯಾಗ ತುತ್ತು ಇಡಾದು ನಿಲ್ಲಸಲಿಲ್ಲಲ್ರಿ.” ಅಜ್ಜನ ಮಾತಿನ ಪೂರ್ಣಾರ್ಥ ನನಗೆ ಅಂದು ಹೊಳೆಯಲಿಲ್ಲ. ಹೊಳೆಸಿದವಳು ಮತ್ತೊಬ್ಬ ಮುದುಕಿ; ಆಕೆಯ ನುಡಿ ಕನ್ನಡವಲ್ಲ.

ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪುಗಳೆಂದು ಹೆಸರಾದ ಬಂಗಾಳಿಗಳ ವಸತಿಗಳಿವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರನ್ನು 1970ರ ದಶಕದ ಹೊತ್ತಿನಲ್ಲಿ ಇಲ್ಲಿ ನೆಲೆಗೊಳಿಸಿದರು. ಅವರ ಮೊಮ್ಮಕ್ಕಳು ನಮ್ಮ ಕಾಲೇಜಿನಲ್ಲಿ ಕನ್ನಡವನ್ನೇ ಓದುತ್ತಾರೆ. ಅವರಲ್ಲೊಬ್ಬ ಶಿಬಿರಕ್ಕೂ ಬಂದಿದ್ದ. ದೀಪಾವಳಿಯ ಮಾರನೆಯ ದಿನ ಅವನ ಮನೆಗೆ ಹೋದಾಗ ಕೆರೆಯ ಮಾತು ಬಂದಿತು. ಅವನು ತನ್ನ ಅಜ್ಜಿಗೆ ಅಂತರಗಂಗೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ. ಆಕೆ ಅದನ್ನು ಕಂಡೊಡನೆ, ‘ಕೊಚುರಿಪಾನಾ’ ಎಂದು ಹಳೆಯ ನೆಂಟರ ಹೆಸರು ಹಿಡಿದು ಕರೆದಂತೆ ಕರೆದಳು.

ಈ ನೆಂಟಸ್ತಿಕೆಯ ಕತೆ ದೊಡ್ಡದು. ನಮ್ಮ ನಿಘಂಟುಗಳ ಅಂತರಗಂಗೆ ಬೇರೆ; ಅದು ಎಲೆಕೋಸಿನ ಮರಿಯಂತೆ ತೇಲುವ, ಹೂ ಕಣ್ಣಿಗೆ ಬೀಳದ ಸಣ್ಣ ಸಸ್ಯ. ಈಗ ನಾವು ಆ ಹೆಸರಿನಿಂದ ಕರೆಯುತ್ತಿರುವ ನೇರಳೆ ಹೂವಿನದು ದಕ್ಷಿಣ ಅಮೆರಿಕದ ಅಮೆಜಾನ್ ಬಯಲಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೂವಿನ ಅಂದಕ್ಕೆ ಮರುಳಾದವರು ಅದನ್ನು ಬಂಗಾಳಕ್ಕೆ ತಂದರು. ಅದು ಅಲ್ಲಿನ ಹೊಳೆ ಕಾಲುವೆಗಳನ್ನೆಲ್ಲ ಮುಚ್ಚಿ, ದೋಣಿಗಳನ್ನು ತಡೆದು, ಭತ್ತದ ಗದ್ದೆಗಳಿಗೆ ನುಗ್ಗಿತು. 1936ರಲ್ಲಿ ಬಂಗಾಳದ ಸರಕಾರ ಈ ಒಂದು ಕಳೆಗಾಗಿಯೇ ಕಾಯಿದೆ ಮಾಡಬೇಕಾಯಿತು. 1937ರ ಚುನಾವಣೆಯಲ್ಲಿ ಅದನ್ನು ಕಿತ್ತೊಗೆಯುತ್ತೇವೆಂದು ಪಕ್ಷಗಳು ಭಾಷೆ ಕೊಟ್ಟುವು. ಕಾಯಿದೆ ಹಳತಾಯಿತು, ಕಳೆ ಉಳಿಯಿತು. ಅನುಕೂಲ ಕೂಡಿಬಂದರೆ ಎರಡು ವಾರಗಳಲ್ಲಿ ತನ್ನಷ್ಟೇ ಮತ್ತೊಂದಾಗುವ ಸಸ್ಯ ಅದು; ಬೀಜ ಕೆಸರಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದು ಮೊಳೆಯಬಲ್ಲುದು.

ಅಜ್ಜಿ ಹೇಳಿದುದನ್ನು ಮೊಮ್ಮಗ ಕನ್ನಡಕ್ಕೆ ತಿರುಗಿಸಿದ. ಅವರ ನಾಡಿನಲ್ಲಿ ಅದನ್ನು ಓಡಿಸಲಾಗದೆ ಒಗ್ಗಿಸಿಕೊಂಡರಂತೆ. ರಾಶಿ ಹಾಕಿ ತುಳಿದು, ನೀರಿನ ಮೇಲೆಯೇ ಹಾಸುಮಡಿ ಮಾಡಿ, ಕುಂಬಳ ಸೋರೆಗಳ ಸಸಿ ಬೆಳೆಸುತ್ತಿದ್ದರಂತೆ. ಬಾಂಗ್ಲಾದೇಶದ ಈ ತೇಲುವ ತೋಟಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಕೃಷಿ ಪರಂಪರೆಯೆಂದು ಮನ್ನಿಸಿದೆ. ಕಡೆಗೆ ಅಜ್ಜಿ ಒಂದು ಪ್ರಶ್ನೆ ಕೇಳಿದಳು: “ನಮ್ಮದು ಹೊಳೆಗಳ ದೇಶ, ಮೇಲಿನ ಮಣ್ಣೆಲ್ಲ ಅಲ್ಲಿಗೆ ಬರುತ್ತಿತ್ತು. ನಿಮ್ಮ ಈ ಒಣನೆಲದ ಕೆರೆಯಲ್ಲಿ ಅದಕ್ಕೆ ಇಷ್ಟು ಊಟ ಹಾಕುವವರು ಯಾರು?”

ಗ್ಯಾಂಗ್‌ಮನ್ ಅಜ್ಜ ತುತ್ತು ಎಂದುದನ್ನೇ ಈಕೆ ಊಟ ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಊಟ ಹಾಕುವವರು ಯಾರೆಂಬುದನ್ನು ಹುಡುಕುತ್ತ ನಾನು ಆ ಊರಿನ ಬೇವಿನಕಟ್ಟೆಯಲ್ಲಿ ಒಂದು ಸಂಜೆ ಕುಳಿತೆ. ಮೀನಿನ ಗುತ್ತಿಗೆಯವನು ರೈತರ ಕಡೆ ಬೆರಳು ತೋರಿಸಿದ: “ಎರಡೆರಡು ಬೆಳಿ ನೆಲ್ಲು, ಚೀಲಗಟ್ಟಲೆ ಸರಕಾರಿ ಗೊಬ್ಬರ, ಬಸಿನೀರೆಲ್ಲ ಎಲ್ಲಿಗ್ರಿ ಬರತೈತಿ?” ರೈತರು ಊರಿನ ಕಡೆ ತೋರಿಸಿದರು: ಸಿಮೆಂಟಿನ ಚರಂಡಿಗಳಾದ ಮೇಲೆ ಮನೆಮನೆಯ ಬಚ್ಚಲು ನೀರು ಹಳ್ಳದ ಪಾಲು, ಹಳ್ಳ ಕೆರೆಯ ಪಾಲು. ಊರವರು ಎಮ್ಮೆ ಮೀಯಿಸುವವರನ್ನೂ ಬಟ್ಟೆ ಒಗೆಯುವವರನ್ನೂ ತೋರಿಸಿದರು. ಅವರು ನಾಲೆಯ ಮೇಲಿನ ಊರುಗಳನ್ನು ತೋರಿಸಿದರು. ಕಡೆಯ ಬೆರಳು ಅಣೆಕಟ್ಟಿನ ಕಡೆಗೇ ತಿರುಗಿತು. ಅದರಲ್ಲೂ ಸುಳ್ಳಿಲ್ಲ, ಮಳೆಗಾಲ ಮುಗಿಯುವಾಗ ತುಂಗಭದ್ರಾ ಜಲಾಶಯದ ನೀರೇ ಹಸುರಾದ ಸುದ್ದಿ ಈಚಿನ ವರ್ಷಗಳಲ್ಲಿ ಮತ್ತೆಮತ್ತೆ ಪತ್ರಿಕೆಗಳಲ್ಲಿ ಬಂದಿದೆ. ಲಿಂಗಸುಗೂರಿನ ಕಡೆಯ ಹಳ್ಳಿಯೊಂದರಲ್ಲಿ ಶಿಕ್ಷಕರಾಗಿರುವ ನನ್ನ ಗೆಳೆಯರು ತಮ್ಮ ಊರಿನ ಕೆರೆಯ ಮಾತನ್ನು ಹೇಳಿದಾಗ, ನದಿಯ ಹೆಸರೊಂದು ಬದಲಾಗಿ ಉಳಿದುದೆಲ್ಲ ಇದೇ ಆಗಿತ್ತು.

ಬೆರಳುಗಳ ಈ ಮೆರವಣಿಗೆಯಲ್ಲಿ ಪ್ರತಿಯೊಬ್ಬನದೂ ನಿಜ. ಗೊಬ್ಬರದ ಸಾರಜನಕ, ಮಾರ್ಜಕದ ಹಾಗೂ ಮಲಮೂತ್ರದ ರಂಜಕ, ಇವೇ ಆ ಹಸುರಿನ ಅನ್ನ. ಗದ್ದೆಯಲ್ಲಿ ಪೈರಿಗೆ ಹಾಕಿದ ಗೊಬ್ಬರ ಕೆರೆಯಲ್ಲಿ ಕಳೆಗೆ ಹಾಕಿದಂತಾಗುತ್ತದೆ. ಕಳೆ ಸ್ವತಃ ರೋಗವಲ್ಲ. ನೀರಿಗೆ ಏನು ಸೇರಿದೆ ಎಂಬುದನ್ನು ಬಹಿರಂಗವಾಗಿ ಸಾರುವ ಸಾಕ್ಷಿ. ನಾವು ಏಳು ದಿನ ಬೆವರು ಸುರಿಸಿ ಎಳೆದುಹಾಕಿದ್ದು ಆ ಸಾಕ್ಷಿಯನ್ನು. ಅಪರಾಧ ನೀರಿನಲ್ಲಿಯೇ ಉಳಿದಿತ್ತು.

ಇಲ್ಲಿ ನನಗೆ ಒಂದು ಶಾಸನ ನೆನಪಾಗುತ್ತದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ರ ಸಂಸ್ಕೃತ ಶಾಸನವುಂಟು. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ದುಡಿಮೆಯಿಂದ ಆದ ಕೆರೆ ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು, ಸವುಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ದಿಬ್ಬವಿರುವುದು, ನೀರು ಕಡಮೆಯಾಗಿ ಹೊಲ ಹೆಚ್ಚಾಗಿರುವುದು, ಹೊಲ ಕಡಮೆಯಾಗಿ ನೀರು ಹೆಚ್ಚಾಗಿರುವುದು, ಇವು ಆ ಆರು ದೋಷಗಳು. ನೀರು ಹೊಲಸಾಗುವುದು ಈ ಪಟ್ಟಿಯಲ್ಲಿ ಇಲ್ಲ. ಅಂದಿನವರು ಮರೆತರೆಂದಲ್ಲ. ಮಳೆಯ ನೀರು ಹುಲ್ಲುಗಾವಲಿನ ಮೇಲೆ ಹರಿದು ಕೆರೆಗೆ ಬರುತ್ತಿದ್ದ ಕಾಲದಲ್ಲಿ ಅದನ್ನು ಬೇರೆ ದೋಷವಾಗಿ ಎಣಿಸುವ ಪ್ರಸಂಗ ಬರಲಿಲ್ಲವೆಂದು ನನ್ನ ಊಹೆ. ಅವರಿಗೆ ಭಯವಿದ್ದುದು ಹೂಳಿನದು. ಅದಕ್ಕಾಗಿ ಬಿತ್ತುವಟ್ಟವೆಂದು ಭೂಮಿ ಬಿಟ್ಟರು. ಹೂಳು ಹೊರುವ ಬಂಡಿಗೆ ದತ್ತಿ ಕೊಟ್ಟರು. ಕೆರೆಯನ್ನು ಕಟ್ಟಿಸಿದರೆ ಮುಗಿಯಲಿಲ್ಲ, ವರ್ಷವರ್ಷವೂ ನೋಡಿಕೊಳ್ಳಬೇಕೆಂಬ ತಿಳಿವು ಅವರಿಗಿತ್ತು. ಏಳನೆಯ ದೋಷವನ್ನು ಹುಟ್ಟಿಸಿದವರು ನಾವು. ಅದಕ್ಕೆ ಬೇಕಾದ ಬಿತ್ತುವಟ್ಟವನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಆ ಏಳನೆಯ ದೋಷ ಬೆಳೆದು ದೊಡ್ಡದಾದರೆ ಏನಾಗುತ್ತದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ತೋರಿಸಿಕೊಟ್ಟಿದೆ. 2015ರಲ್ಲಿ ಆ ಕೆರೆಯ ನೊರೆ ಬೀದಿಗೆ ಹಾರಿತು, ನೊರೆಗೆ ಬೆಂಕಿಯೂ ಹತ್ತಿತು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಕೆರೆ ಮತ್ತೆ ಉರಿಯಿತು. ನೀರು ಉರಿಯಿತೆಂದರೆ ಹಿಂದಿನವರು ಅದನ್ನು ಉತ್ಪಾತವೆಂದು ಶಾಂತಿ ಮಾಡಿಸುತ್ತಿದ್ದರು. ನಮ್ಮ ಜಿಲ್ಲೆಯೂ ದೂರವಿಲ್ಲ. 2022ರ ಮೇ ಕೊನೆಯ ವಾರದಿಂದ ರಾಯಚೂರು ನಗರದಲ್ಲಿ ನಳದ ಕಲುಷಿತ ನೀರಿನಿಂದ ಜನ ಕಾಯಿಲೆಬಿದ್ದರು, ಪ್ರಾಣಗಳೂ ಹೋದುವು. ಸಿಂಧನೂರು, ಮಸ್ಕಿಗಳ ಕೆರೆಗಳು ಇನ್ನೂ ಅಲ್ಲಿಗೆ ಬಂದಿಲ್ಲ. ಬಾರದಿರುವಾಗಲೇ ಮಾತಾಡಬೇಕು.

ಹಾಗಾದರೆ ಮಾಡಬೇಕಾದುದೇನು? ನಾನು ಕನ್ನಡ ಪಾಠ ಹೇಳುವವನು. ತಿಳಿದವರನ್ನು ಕೇಳಿ, ಊರವರೊಡನೆ ಕುಳಿತು ಕಂಡುಕೊಂಡುದನ್ನಷ್ಟೇ ಹೇಳುತ್ತೇನೆ. ಕಳೆಗೆ ಔಷಧ ಹೊಡೆದರಾಯಿತೆಂಬುದು ಹಲವರಿಗೆ ತಟ್ಟನೆ ಹೊಳೆಯುವ ಉಪಾಯ. ಕುಡಿಯುವ ನೀರಿನ ಕೆರೆಗೆ ಅದು ಸಲ್ಲದು. ಸತ್ತ ಕಳೆ ನೀರಿನಲ್ಲಿಯೇ ಕೊಳೆತು ಆಮ್ಲಜನಕವನ್ನು ಹೀರುತ್ತದೆ, ಮೀನು ಸಾಯುತ್ತವೆ; ಕೊಳೆತುದೇ ಮುಂದಿನ ಕಳೆಗೆ ಗೊಬ್ಬರವಾಗುತ್ತದೆ. ಕಳೆ ತಿನ್ನುವ ಕೀಟವೂ ಉಂಟು. ಅರ್ಜೆಂಟೀನಾ ಮೂಲದ ಒಂದು ಬಗೆಯ ಸೊಂಡಿಲುಹುಳುವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಪರೀಕ್ಷಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಕೆಲವೆಡೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಬೇಸಿಗೆಯಲ್ಲಿ ಬತ್ತಿ ಮತ್ತೆ ತುಂಬುವ ಕೆರೆಯಲ್ಲಿ ಗಿಡದೊಡನೆ ಹುಳುವೂ ಸಾಯುತ್ತದೆ, ಬೀಜ ಮಾತ್ರ ಉಳಿಯುತ್ತದೆ. ಹೊಲಸು ನೀರಿನಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಚಿಗುರುತ್ತದೆ.

ಎಂದಮೇಲೆ ಕೈಯಿಂದ ತೆಗೆಯುವುದೇ ಉಳಿದ ದಾರಿ. ಆದರೆ ನಾವು ತೆಗೆದಂತೆ ಅಲ್ಲ. ಹೂ ಬಿಡುವುದಕ್ಕೆ ಮೊದಲು ತೆಗೆಯಬೇಕು. ಏರಿಯಾಚೆ, ನೀರು ಮುಟ್ಟದೆಡೆಗೆ ಸಾಗಿಸಿ ಒಣಗಿಸಿ ಗೊಬ್ಬರ ಮಾಡಬೇಕು. ಕೆರೆಗೆ ನೀರು ಬರುವ ಬಾಯಿಯ ಹಿಂದೆ ಒಂದು ತಗ್ಗು ತೋಡಿ, ಬಸಿನೀರು ಅಲ್ಲಿ ನಿಂತು, ಹೂಳನ್ನೂ ಗೊಬ್ಬರದ ಸಾರವನ್ನೂ ಅಲ್ಲಿಯೇ ಇಳಿಸಿ ಮುಂದೆ ಸಾಗುವಂತೆ ಮಾಡಬೇಕು. ದಂಡೆಯಲ್ಲಿ ನಮಗೆ ತೊಡಕಾಗಿರುವ ಆಪು ಆ ತಗ್ಗಿನಲ್ಲಿ ನೀರನ್ನು ಸೋಸುವ ಕೆಲಸಕ್ಕೆ ಬರುತ್ತದೆ. ಊರಿನ ಚರಂಡಿಯನ್ನು ಕೆರೆಯಿಂದ ಬೇರೆ ಕಡೆಗೆ ತಿರುಗಿಸಬೇಕು. ಒಗೆಯುವುದಕ್ಕೂ ದನ ಮೀಯಿಸುವುದಕ್ಕೂ ಬೇರೆ ತೊಟ್ಟಿ ಬೇಕು. ಅದನ್ನು ಕಟ್ಟಿಸದೆ ಒಗೆಯುವವರನ್ನು ಬಯ್ಯುವುದು ನ್ಯಾಯವಲ್ಲ. ಎಲ್ಲಕ್ಕಿಂತ ಮೊದಲು ನೀರನ್ನು ಬೇಸಿಗೆಯಲ್ಲಿ, ಅದು ಅತ್ಯಂತ ಕೆಟ್ಟಿರುವಾಗ, ಪರೀಕ್ಷಿಸಬೇಕು. ಬಂದ ಅಂಕಿಗಳನ್ನು ಕಡತದಲ್ಲಿ ಇಡದೆ ಏರಿಯ ಮೇಲೊಂದು ಹಲಗೆ ನೆಟ್ಟು ಕನ್ನಡದಲ್ಲಿ ಬರೆಯಬೇಕು: ಫ್ಲೋರೈಡ್ ಇಷ್ಟು, 1.5 ಮೀರಬಾರದು; ನೈಟ್ರೇಟ್ ಇಷ್ಟು, 45 ಮೀರಬಾರದು. ಕುಡಿಯುವವರಿಗೆ ತಾವು ಏನನ್ನು ಕುಡಿಯುತ್ತಿದ್ದೇವೆಂದು ತಿಳಿಯುವ ಹಕ್ಕಿಲ್ಲವೆ?

ಇದೆಲ್ಲವೂ ದೊಡ್ಡವರು ಮಾಡಬೇಕಾದುದು, ಹಣವುಳ್ಳವರು ಅಧಿಕಾರವುಳ್ಳವರು ಮಾಡಬೇಕಾದುದು ಎಂದು ಕಟ್ಟೆಯ ಮೇಲಿದ್ದವರು ಅಂದರು. ಬಹುಮಟ್ಟಿಗೆ ಅದು ದಿಟ. ಅರ್ಜಿಗಳನ್ನು ನಾವು ಕೊಟ್ಟಿದ್ದೇವೆ, ಕೊಡುತ್ತಲೂ ಇದ್ದೇವೆ. ಆದರೆ ಅದೇ ಚಳಿಗಾಲದಲ್ಲಿ ತರಗತಿಯ ಮಕ್ಕಳನ್ನು ಮಸ್ಕಿಗೆ ಕರೆದುಕೊಂಡು ಹೋಗಿದ್ದೆ. ಊರಿನ ಪಕ್ಕದ ಗುಡ್ಡದಲ್ಲಿ, 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಯಿದೆ. ಅದಕ್ಕೆ ಮೊದಲು ಸಿಕ್ಕಿದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರವಿದ್ದುವು. ಆ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಈ ಬಂಡೆ. ಪಠ್ಯಪುಸ್ತಕ ಇಷ್ಟನ್ನು ಹೇಳಿ ಮುಗಿಸುತ್ತದೆ. ಬಂಡೆ ಹೇಳುವುದು ಅಷ್ಟೇ ಅಲ್ಲ. ಧರ್ಮದಲ್ಲಿ ತೊಡಗಿದರೆ ಚಿಕ್ಕವನೂ ಈ ಸಿದ್ಧಿಯನ್ನು ಪಡೆಯಬಲ್ಲನೆಂದೂ, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬಾರದೆಂದೂ, ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳಬೇಕೆಂದೂ ಅದರ ತಾತ್ಪರ್ಯ. ಬಾವಿ ತೋಡಿಸಿದ, ಮರ ನೆಡಿಸಿದ ಮಾತು ಅಶೋಕನ ಬೇರೆ ಶಾಸನಗಳಲ್ಲಿದೆ, ಇಲ್ಲಿಲ್ಲ. ನಮಗೆ ದೊರೆತಿರುವುದು ಚಿಕ್ಕವರ ಪಾಲಿನ ಮಾತು. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮ ವಿದ್ಯಾರ್ಥಿನಿ ನನ್ನ ಬಳಿಗೆ ಬಂದು ಕೇಳಿದಳು: “ಸರ್, ಪ್ರಯೋಗಶಾಲೆ ಇಲ್ಲದೆ ನೀರನ್ನು ಅಳೆಯೋಕೆ ಆಗೋದಿಲ್ಲೇನ್ರಿ?”

ಆಗುತ್ತದೆ. 1865ರಲ್ಲಿ ಇಟಲಿಯ ಪಾದ್ರಿ ಅಂಜೆಲೊ ಸೆಕ್ಕಿ ಎಂಬ ಖಗೋಳಶಾಸ್ತ್ರಜ್ಞನು ಒಂದು ಬಿಳಿಯ ತಟ್ಟೆಯನ್ನು ಹಗ್ಗ ಕಟ್ಟಿ ಕಡಲಿಗಿಳಿಸಿ, ಅದು ಕಣ್ಮರೆಯಾಗುವ ಆಳವನ್ನು ಅಳೆದು ನೀರಿನ ತಿಳಿಯನ್ನು ಗೊತ್ತುಮಾಡಿದನು. ಇಂದಿಗೂ ಕೆರೆ ಸರೋವರಗಳನ್ನು ಅಳೆಯುವವರು ಆ ತಟ್ಟೆಯನ್ನು ಬಳಸುತ್ತಾರೆ. ರಸಾಯನಶಾಸ್ತ್ರದವರು ವಿವರಿಸಿದರು, ಮಕ್ಕಳು ಹಳೆಯ ಪರಾತದ ಮುಚ್ಚಳಕ್ಕೆ ಕಪ್ಪು ಬಿಳುಪು ಬಣ್ಣ ಬಳಿದು, ಕಲ್ಲು ಕಟ್ಟಿ, ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿದರು. ವಿಷ ಎಷ್ಟು, ಫ್ಲೋರೈಡ್ ಎಷ್ಟು ಎಂಬುದನ್ನು ಅದು ಹೇಳಲಾರದು. ನೀರು ಹೋದ ತಿಂಗಳಿಗಿಂತ ಮಂಕಾಯಿತೆ, ತಿಳಿಯಾಯಿತೆ ಎಂಬುದನ್ನು ಹೇಳಬಲ್ಲುದು. ಹದಿನೈದು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಅಳೆದು ಶಾಲೆಯ ಗೋಡೆಯ ಮೇಲೆ ಬರೆಯುತ್ತಾರೆ. ಅರ್ಜಿಗೆ ಈಗ ಆ ಗೋಡೆಯ ನಕಲು ಲಗತ್ತಾಗುತ್ತದೆ.

ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ಸಿಂಧನೂರಿನಲ್ಲಿ ನನ್ನ ಸ್ವಂತ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಇದುವರೆಗೆ ವಿಚಾರಿಸಿರಲಿಲ್ಲ. ಮೊನ್ನೆ ಚರಂಡಿಯ ಜಾಡು ಹಿಡಿದು ನಡೆದೆ. ಅದು ಹಳ್ಳಕ್ಕೇ ಹೋಯಿತು. ಹಳ್ಳದ ಕೆಳಗೆ ಊರುಗಳಿವೆ. ಕಟ್ಟೆಯ ಮೇಲಿನ ಬೆರಳುಗಳಲ್ಲಿ ಒಂದೂ ನನ್ನ ಕಡೆ ತಿರುಗಿರಲಿಲ್ಲ. ಮೇಷ್ಟರೆಂಬ ಮರ್ಯಾದೆಯಿಂದ ಇರಬೇಕು. ಈಗ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಬಚ್ಚಲ ನೀರನ್ನು ಬಾಳೆಗೆ ಬಿಟ್ಟಿದ್ದೇನೆ. ಒಂದು ಮನೆಯ ನೀರು; ಅಷ್ಟರಿಂದ ಹಳ್ಳ ತಿಳಿಯಾಗದು. ಆದರೂ ಮುಂದಿನ ಸಲ ಕಟ್ಟೆಯ ಮೇಲೆ ಕುಳಿತು ಮಾತಾಡುವುದಕ್ಕೆ ಅಷ್ಟಾದರೂ ಬೇಕು.

ಹೋದ ಭಾನುವಾರ ಕೆರೆಗೆ ಹೋಗಿದ್ದೆ. ಮೀನಿನವನ ತೆಪ್ಪದಲ್ಲಿ ಅಕ್ಕ ತಟ್ಟೆಯನ್ನು ಇಳಿಸುತ್ತಿದ್ದಳು. ತಮ್ಮ ಬಗ್ಗಿ ನೋಡುತ್ತ ಗಂಟುಗಳನ್ನು ಎಣಿಸುತ್ತಿದ್ದ. “ಮೂರು ಗಂಟು, ಯಕ್ಕಾ! ಇನ್ನೂ ಕಾಣಾಕತ್ತೈತಿ” ಎಂದು ಕೂಗಿ ನಕ್ಕ. ಹಿಂದಿನ ಸಲ ಎರಡಕ್ಕೇ ಮರೆಯಾಗಿತ್ತಂತೆ. ನಾಲೆಯಲ್ಲಿ ಹೊಸ ನೀರು ಹರಿಯುತ್ತಿರುವ ಕಾಲ ಇದು. ಬೇಸಿಗೆಯಲ್ಲಿ ಏನಾಗುವುದೋ ನೋಡಬೇಕು. ನಾಲ್ಕನೆಯ ಗಂಟು ನೀರನ್ನು ಮುಟ್ಟುವಷ್ಟರಲ್ಲಿ ತಟ್ಟೆ ಮಂಕಾಯಿತು. ಅಕ್ಕ ಹಗ್ಗವನ್ನು ಎರಡು ಕೈಗಳಿಂದ ಬಿಗಿಹಿಡಿದು, ಆ ಅಂಕಿಯನ್ನು ಬರೆದುಕೊಳ್ಳಲು ನನಗೆ ಹೇಳಿದಳು. ಬರೆದುಕೊಂಡೆ.